ಹೊಳೆಯ ಜನಕ್ಕೆ ಕಡಲಿನ ಪಾಠ

'ಭೂಮಿಯ ಮೇಲೆ ಐದು ಮಹಾಸಾಗರಗಳಿವೆ' ಎಂಬುದು ಪಾಠದ ಮೊದಲ ವಾಕ್ಯ. ಎರಡನೆಯದರಲ್ಲಿ ಅವುಗಳ ಹೆಸರುಗಳು. ಮುಂದಿನ ಚಿತ್ರಪಟದಲ್ಲಿ ಬಿಸಿ ಪ್ರವಾಹಗಳಿಗೆ ಕೆಂಪು ಬಾಣ, ಶೀತ ಪ್ರವಾಹಗಳಿಗೆ ನೀಲಿ ಬಾಣ. ಅಟ್ಲಾಂಟಿಕ್‌ನ ಉತ್ತರ ತುದಿಯಲ್ಲಿ ತಣ್ಣಗಾದ ಉಪ್ಪುನೀರು ಭಾರವಾಗಿ ತಳಕ್ಕಿಳಿಯುತ್ತದೆ, ಶತಮಾನಗಳ ಕಾಲ ತಳದಲ್ಲಿಯೇ ಚಲಿಸಿ ಇನ್ನೆಲ್ಲಿಯೋ ಮೇಲೇಳುತ್ತದೆ ಎಂಬ ವಿವರಣೆಯೂ ಇತ್ತು. ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕರಾವಳಿಯ ಕಟ್ಟಡ ಕೆಲಸಕ್ಕೆ ಹೊರಟಿದ್ದ ಹೊಳೆಆಲೂರಿನ ಗೌಂಡಿಗಳಿಗೆ ಮತ್ತು ಅವರಿಗೆ ಸಿಮೆಂಟು-ಮರಳಿನ ಮಾಲು ಕಲಸಿಕೊಡುವ ಹೆಂಗಸರಿಗೆ ಇದನ್ನು ಹೇಳುವ ಹೊಣೆ ನನ್ನದಾಗಿತ್ತು.

ಗುಳೆ ಹೋಗುವ ಕುಟುಂಬಗಳ ನಡುವೆ ಕೆಲಸ ಮಾಡುವ ಸಂಸ್ಥೆಯೊಂದರ ರೋಣದ ಕಚೇರಿಯಲ್ಲಿ ನಾನು ಸಂಯೋಜಕ. ಹಿಂದಿನ ಹಂಗಾಮಿನಲ್ಲಿ ಇದೇ ತಂಡದ ಒಬ್ಬ ಗೌಂಡಿ ಕಡಲಿನಲ್ಲಿ ಮುಳುಗಿ ಸತ್ತಿದ್ದ. ಮಲಪ್ರಭೆ ಊರೊಳಗೆ ನುಗ್ಗಿದಾಗ ಮಾಳಿಗೆಯ ಮೇಲೆ ಸಿಕ್ಕಿಬಿದ್ದವರಿಗೆ ಈಜಿಕೊಂಡು ಹೋಗಿ ರೊಟ್ಟಿ ಮುಟ್ಟಿಸಿದವನು ಅವನು. ಅಂಥವನು ಎದೆಮಟ್ಟದ ನೀರಿನಲ್ಲಿ ನಿಂತಿದ್ದಾಗಲೇ ಹೋಗಿಬಿಟ್ಟ. ನಮ್ಮ ನಿರ್ದೇಶಕರು ಸಭೆಯಲ್ಲಿ ಇದನ್ನು 'ಅರಿವಿನ ಕೊರತೆ' ಎಂದು ಕರೆದರು. ಅರಿವು ತುಂಬಲೆಂದು ರಾಜಧಾನಿಯ ತಜ್ಞರಿಂದ 'ಸಾಗರ ಪರಿಚಯ' ಎಂಬ ಚಿತ್ರಪಟಗಳ ಕಟ್ಟನ್ನು ತರಿಸಿದರು. ಐದು ಸಾಗರಗಳ ಬ್ಯಾನರೂ ಬಂತು. ತಂಡ ದೀಪಾವಳಿ ಮುಗಿಸಿಕೊಂಡು ಹೊರಡುವುದರಲ್ಲಿತ್ತು. ಅಷ್ಟರೊಳಗೆ ಇವರಲ್ಲಿ ಇನ್ನೊಬ್ಬರು ಸಾಯದಂತೆ ಏನಾದರೂ ಕಲಿಸಬೇಕಿತ್ತು.

ಮೊದಲ ತರಗತಿ ರೋಣದ ನಮ್ಮ ಸಭಾಂಗಣದಲ್ಲಿ ನಡೆಯಿತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು; ಕೇಳುವವರ ಕಣ್ಣು ಎಲ್ಲಿ ಜಾರುತ್ತದೆ ಎಂಬುದನ್ನು ಬಲ್ಲೆ. ಕೆಂಪು ಬಾಣಗಳು ಮುಗಿಯುವ ಮೊದಲೇ ಅವರ ಕಣ್ಣು ಕಿಟಕಿಯಾಚೆಗೆ, ಬಸ್ ನಿಲ್ದಾಣದ ಕಡೆಗೆ ಹೋಗಿತ್ತು. ಕೊನೆಗೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಗಸೊಬ್ಬರು ಎದ್ದು ನಿಂತರು. ತಂಡದ ಹೆಂಗಸರಿಗೆಲ್ಲ ಹಿರಿಯರಂತಿದ್ದ ಅವರು ಸತ್ತ ಗೌಂಡಿಯ ಅಕ್ಕ.

"ಸರ್, ಈ ಐದರಾಗ ನನ್ನ ತಮ್ಮ ಯಾವುದ್ರಾಗ ಹೋದಾರಿ?"

ನಾನು ಉತ್ತರ ಕೊಟ್ಟೆ. ಅದು ಅರಬ್ಬಿ ಸಮುದ್ರ, ಹಿಂದೂ ಮಹಾಸಾಗರದ ಒಂದು ಭಾಗ ಎಂದೆ.

"ಹಂಗಾರ ಅವನ್ನ ಎಳಕೊಂಡು ಹೋದ ಬಾಣ ಕೆಂಪಂದೋ, ನೀಲಿದೋ?" ಎಂದು ಹಿಂದಿನಿಂದ ಒಬ್ಬ ಗೌಂಡಿ ಕೇಳಿದ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ತರಗತಿ ಮುಗಿದ ಮೇಲೆ ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾಗ ನಾನು ಅಕ್ಕನ ಬಳಿ ಹೋಗಿ ಕುಳಿತೆ. ಆ ದಿನ ಏನಾಯಿತು, ಅವನು ಎಲ್ಲಿ ಇಳಿದ, ನೀರು ಹೇಗಿತ್ತು ಎಂದು ಒಂದೊಂದಾಗಿ ಕೇಳಿದೆ. ಸಂಸ್ಥೆಯಲ್ಲಿ ಅದುವರೆಗೆ ಯಾರೂ ಇದನ್ನು ಆಕೆಯ ಬಳಿ ಕೇಳಿರಲಿಲ್ಲ.

"ಅವತ್ತು ಅಮಾಸಿ ಇತ್ರಿ" ಎಂದು ಆಕೆ ಆರಂಭಿಸಿದರು. "ಅಮಾಸಿ ದಿನ ನಾವು ಕೆಲಸಕ್ಕ ಕೈ ಹಚ್ಚಂಗಿಲ್ಲ. ಊರಾಗ ಆದ್ರ ಹೊಳಿ ಜಳಕ ಮಾಡ್ತಿದ್ವಿ. ಅಲ್ಲಿ ಹೊಳಿ ಎಲ್ಲಿಂದ ಬರಬೇಕು? ಅದಕ್ಕ ದರಿಯಾಕ್ಕ ಹೋಗ್ತೇವಿ."

"ಕಡಲಿಗೆ ಎಲ್ಲಿ ಇಳಿದ್ರು?"

"ಆ ಕಡೆ ತೆರಿ ಒಡೀತಿದ್ದು, ಈ ಕಡೆ ತೆರಿ ಒಡೀತಿದ್ದು. ನಡಬರಕ ಒಂದಿಷ್ಟು ಜಾಗಾದಾಗ ನೀರು ಸುಮ್ಮನಿತ್ರಿ, ನೊರಿ ಇದ್ದಿಲ್ಲ. ಇಲ್ಲಿ ಚಲೋ ಐತಿ ಬರ್ರಿ ಅಂತ ಅವನs ಮೊದಲ ಇಳದ. ಹೊಳಿ ಬಲ್ಲವ ನೋಡ್ರಿ."

ತಟ್ಟೆ ಕೆಳಗಿಟ್ಟೆ. ಹೊಳೆಯಲ್ಲಿ ಬೆಳೆದವರಿಗೆ ನೀರನ್ನು ಓದುವ ಒಂದು ಕ್ರಮವಿದೆ. ನೊರೆಯೆದ್ದ ಕಡೆ ಕಲ್ಲುಬಂಡೆ, ಸೆಳವು. ಸುಮ್ಮನಿದ್ದ ಕಡೆ ಜಳಕಕ್ಕೆ ಯೋಗ್ಯ ಜಾಗ. ಮಲಪ್ರಭೆಯ ಮಟ್ಟಿಗೆ ಈ ಓದು ಸರಿ. ಕಡಲ ದಂಡೆಯಲ್ಲಿ ಇದೇ ಓದು ಕೊಲ್ಲುತ್ತದೆಯೇ? ಮರುದಿನ ಕರಾವಳಿಯ ಕಾಲೇಜೊಂದರ ಭೂಗೋಳದ ಅಧ್ಯಾಪಕರನ್ನು ದೂರವಾಣಿಯಲ್ಲಿ ಹಿಡಿದು ಅಕ್ಕನ ಮಾತುಗಳನ್ನು ಇದ್ದಂತೆಯೇ ಹೇಳಿದೆ. ಅವರು, "ಆ ಹುಡುಗ ಬಾಗಿಲು ಹುಡುಕಿಕೊಂಡು ಹೋಗಿ ಬಾಗಿಲಲ್ಲೇ ನಿಂತಿದ್ದಾನೆ, ಮಾರಾಯ್ರೆ" ಎಂದರು.

ಅವರು ಹೇಳಿದ್ದು ಹೀಗಿತ್ತು. ದಂಡೆಯಿಂದ ತುಸು ದೂರದಲ್ಲಿ, ನೀರಿನ ಅಡಿಯಲ್ಲಿ ಮರಳಿನ ದಿಬ್ಬವಿರುತ್ತದೆ. ತೆರೆಗಳು ಅದರ ಮೇಲೆ ಒಡೆದು ನೀರನ್ನು ದಂಡೆಯ ಕಡೆಗೆ ನೂಕುತ್ತಲೇ ಇರುತ್ತವೆ. ಬಂದ ನೀರು ಮರಳಿ ಹೋಗಲೇಬೇಕು. ದಿಬ್ಬದಲ್ಲಿ ಎಲ್ಲಿ ಕಿಂಡಿಯಿದೆಯೋ ಅಲ್ಲಿಗೆ ಎರಡೂ ಕಡೆಯಿಂದ ಹರಿದು ಬಂದು ಕಡಲಿನತ್ತ ನುಗ್ಗುತ್ತದೆ. ಕಿಂಡಿಯಲ್ಲಿ ನೀರು ಆಳ, ಆದ್ದರಿಂದ ಅಲ್ಲಿ ತೆರೆ ಒಡೆಯುವುದಿಲ್ಲ. ನೋಡುವವರಿಗೆ ಅದು ಶಾಂತ. ಸಿಕ್ಕಿಕೊಂಡವನು ದಂಡೆಯತ್ತ ನೇರವಾಗಿ ಈಜಿದರೆ ಸೆಳವಿಗೆ ಎದುರಾಗಿ ಈಜುತ್ತಾನೆ, ಸೋಲುತ್ತಾನೆ. ದಂಡೆಗೆ ಸಮನಾಗಿ ಪಕ್ಕಕ್ಕೆ ಸರಿದರೆ ಆ ಸಣ್ಣ ಪಟ್ಟಿಯಿಂದ ಹೊರಬೀಳುತ್ತಾನೆ, ಆಮೇಲೆ ತೆರೆಗಳೇ ದಂಡೆಗೆ ತರುತ್ತವೆ.

ಈ ಒಂದು ವಿಷಯ ಚಿತ್ರಪಟಗಳ ಕಟ್ಟಿನಲ್ಲಿ ಎಲ್ಲಿಯೂ ಇರಲಿಲ್ಲ. ನಿರ್ದೇಶಕರ ಮುಂದೆ ನಾನು ಒಂದು ವಾದವನ್ನೇ ಮಂಡಿಸಿದೆ. ಸಾಗರಗಳ ಸಂಖ್ಯೆ ತಿಳಿಯದೆ ಯಾರೂ ಸತ್ತಿಲ್ಲ, ಒಂದು ಕಿಂಡಿಯನ್ನು ಗುರುತಿಸಲಾರದೆ ಸತ್ತಿದ್ದಾರೆ. ಆದ್ದರಿಂದ ಪಾಠವನ್ನು ಬದಲಿಸಬೇಕು ಎಂದೆ. ಅವರು ಗಮನವಿಟ್ಟು ಕೇಳಿದರು.

"ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಬ್ಯಾನರ್ ಕಾಣುವಂಗ ಫೋಟೋ ಮಾತ್ರ ಬೇಕು ನೋಡ್ರಿ. ಐದೂ ಸಾಗರ ಬರಬೇಕು ಅದರಾಗ."

ಕಡಲಿಲ್ಲದ ನಾಡಿನಲ್ಲಿ ಕಡಲನ್ನು ತೋರಿಸುವುದು ಹೇಗೆ? ಹೊಳೆಆಲೂರಿನ ಹೊರವಲಯದ ರೈತರೊಬ್ಬರು ತಮ್ಮ ಕೃಷಿಹೊಂಡವನ್ನು ಬಳಸಿಕೊಳ್ಳಲು ಒಪ್ಪಿದರು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ. ನೀರು ಮೊಣಕಾಲುಮಟ್ಟಕ್ಕೆ ಇಳಿದಿತ್ತು. ಒಂದು ಬದಿಯನ್ನು ದಂಡೆಯೆಂದು ಭಾವಿಸಿ ಅದರ ಮುಂದೆ ಎರೆಮಣ್ಣಿನ ದಿಬ್ಬ ಕಟ್ಟಿದೆವು, ನಡುವೆ ಕಿಂಡಿ ಬಿಟ್ಟೆವು. ಎದುರು ಬದಿಯಲ್ಲಿ ಇಬ್ಬರು ಗೌಂಡಿಗಳು ಸೆಂಟ್ರಿಂಗ್ ಹಲಗೆಯನ್ನು ನೀರಿನಲ್ಲಿ ಹಿಂದೆ ಮುಂದೆ ತಳ್ಳಿ ತೆರೆ ಎಬ್ಬಿಸಬೇಕು. ಅವರು ತಳ್ಳಲು ಆರಂಭಿಸಿದ ಸ್ವಲ್ಪ ಹೊತ್ತಿಗೇ ನಮ್ಮ ದಿಬ್ಬ ಕರಗಿ, ಹೊಂಡವೆಲ್ಲ ಕರಿ ಅಂಬಲಿಯಾಯಿತು.

"ಸರ್, ನಿಮ್ಮ ದರಿಯಾ ಕೆಸರಾತ್ರಿ" ಎಂದ, ಸಭಾಂಗಣದಲ್ಲಿ ಬಾಣದ ಬಣ್ಣ ಕೇಳಿದ್ದ ಆ ಗೌಂಡಿಯೇ.

ಇನ್ನೊಂದು ದಿನ ಮರಳಿ ಬಂದಾಗ ಸಿಮೆಂಟಿನ ಖಾಲಿ ಚೀಲಗಳಲ್ಲಿ ಗರಸು ಮಣ್ಣು ತುಂಬಿ ಹೊಲಿದು ದಿಬ್ಬವಾಗಿ ಜೋಡಿಸಿದೆವು. ಈ ಬಾರಿ ದಿಬ್ಬ ನಿಂತಿತು, ಆದರೆ ತೆರೆಗಳು ಹೊಂಡದ ಕಡಿದಾದ ಗೋಡೆಗೆ ಬಡಿದು ಹಿಂದಕ್ಕೆ ಪುಟಿದು, ಬರುವ ತೆರೆಗಳೊಡನೆ ಕಲಸಿಕೊಂಡವು. ನೀರು ಎತ್ತ ಹೋಗುತ್ತಿದೆಯೆಂದು ಯಾರಿಗೂ ಹೇಳಲಾಗಲಿಲ್ಲ. ಆಗ ದಂಡೆಯ ಬದಿಗೂ ಚೀಲಗಳನ್ನು ಮೆಟ್ಟಿಲಿನಂತೆ ಹಾಸಿ, ಮೇಲೆ ತಾಡಪತ್ರಿ ಹಾಳೆ ಎಳೆದು, ನಿಧಾನವಾದ ಇಳಿಜಾರು ಮಾಡಬೇಕಾಯಿತು. ಅಷ್ಟು ಹೊತ್ತಿಗೆ ಇಡೀ ತಂಡ ಹೊಂಡಕ್ಕಿಳಿದಿತ್ತು. ಕೆಲಸ ಕಂಡ ಕೈಗಳು ಸುಮ್ಮನಿರಲಾರವು. ಮೇಸ್ತ್ರಿ ಮಾತ್ರ ಬೇವಿನ ನೆರಳಿನಲ್ಲಿ ಮೋಟರ್ ಸೈಕಲ್ ನಿಲ್ಲಿಸಿ, ಅದರ ಮೇಲೆ ಕುಳಿತು ನೋಡುತ್ತಿದ್ದ. ತಂಡವನ್ನು ಕರೆದೊಯ್ಯುವವನು, ಕೆಲಸ ಹಂಚುವವನು ಅವನೇ.

ಮೊದಲು ದಿಬ್ಬದಾಚೆಯ ಆಳದಲ್ಲಿ ಕಡಲೆ ಹೊಟ್ಟು ಎರಚಿದೆ. ಅಲೆ ಹಾದುಹೋದಾಗ ಹೊಟ್ಟು ಮೇಲೆದ್ದು ಕೆಳಗಿಳಿಯಿತು, ಹೆಚ್ಚುಕಡಿಮೆ ಇದ್ದಲ್ಲಿಯೇ ಉಳಿಯಿತು. ಅಲೆ ಮುಂದೆ ಹೋಗುತ್ತದೆ, ನೀರು ಅಲ್ಲಿಯೇ ಇರುತ್ತದೆ. ಬಿಳಿಜೋಳದ ಹೊಲದ ಮೇಲೆ ಗಾಳಿ ಹಾದಾಗ ತೆನೆ ಬಾಗಿ ಏಳುವುದಿಲ್ಲವೇ, ದಂಟು ಹೊಲ ಬಿಟ್ಟು ಓಡುತ್ತದೆಯೇ ಎಂದು ಕೇಳಿದೆ. ತಲೆಯಾಡಿಸಿದರು. ಆದರೆ ದಿಬ್ಬದ ಮೇಲೆ ಅಲೆ ಒಡೆದೊಡನೆ ನಿಯಮ ಬದಲಾಗುತ್ತದೆ, ಅಲ್ಲಿ ನೀರೇ ಮುಂದಕ್ಕೆ ಬರುತ್ತದೆ ಎಂದು ಹೇಳಿ, ದಿಬ್ಬಕ್ಕೂ ದಂಡೆಗೂ ನಡುವೆ ಇನ್ನೊಂದು ಹಿಡಿ ಹೊಟ್ಟು ಚೆಲ್ಲಿದೆ.

ಹೊಟ್ಟು ಮೊದಲು ದಂಡೆಗೆ ತಾಗಿತು. ಬಳಿಕ ದಂಡೆಯುದ್ದಕ್ಕೂ ಎರಡು ಕಡೆಯಿಂದ ಸಾಲುಗಟ್ಟಿ ಕಿಂಡಿಯತ್ತ ಸರಿಯಿತು. ಕಿಂಡಿಯ ಬಾಯಿಗೆ ಬಂದೊಡನೆ ಯಾರೋ ಹಗ್ಗ ಹಾಕಿ ಎಳೆದಂತೆ ಹೊಂಡದ ನಡುವಿಗೆ ಹೋಗಿಬಿಟ್ಟಿತು. ಅದು ಹೋದ ದಾರಿಯಲ್ಲಿ ನೀರು ಎಷ್ಟು ನುಣುಪಾಗಿತ್ತೆಂದರೆ, ಮೇಲಿನ ಆಕಾಶ ಅಲ್ಲಿ ಮಾತ್ರ ಕಾಣುತ್ತಿತ್ತು.

ಹಲಗೆ ತಳ್ಳುತ್ತಿದ್ದವರು ನಿಲ್ಲಿಸಿದರು. ಅಕ್ಕ ಹೊಂಡದ ಅಂಚಿಗೆ ಬಂದು ಕುಕ್ಕರುಗಾಲಿನಲ್ಲಿ ಕುಳಿತರು.

"ಇನ್ನೊಮ್ಮಿ ಮಾಡ್ರಿ" ಎಂದರು.

ಇನ್ನೊಮ್ಮೆ ಮಾಡಿದೆವು.

"ಅವ ನಮ್ಮ ಕಡೆ ಮುಖ ಮಾಡಿ ಈಜತಿದ್ದಾರಿ. ಕೈ ಬೀಸತಾನ, ಬೀಸತಾನ, ಆದ್ರೂ ದೂರ ಹೊಕ್ಕಾನ. ನಾವು ಅಂದ್ವಿ, ಇವಂಗ ಈಜ ಮರತೈತಿ ಅಂತ." ಅವರ ಧ್ವನಿ ಏರಲಿಲ್ಲ. "ಮರತಿದ್ದಿಲ್ಲ. ಆಜೂಬಾಜೂ ಸರದಿದ್ರ ಬರತಿದ್ದ."

ಆ ದಿನ ಇಡೀ ತಂಡ ಹೊಟ್ಟನ್ನು ನೋಡಿ ಕಲಿಯಿತು. ಕಿಂಡಿಯನ್ನು ದಂಡೆಯ ಮೇಲಿಂದ ಗುರುತಿಸುವುದು, ಸಿಕ್ಕಿಕೊಂಡರೆ ಪಕ್ಕಕ್ಕೆ ಸರಿಯುವುದು, ಸೋತರೆ ಅಂಗಾತ ತೇಲುವುದು, ಉಳಿಸಲು ಹಿಂದೆಯೇ ಜಿಗಿಯದೆ ಖಾಲಿ ಡಬ್ಬಿಯನ್ನೋ ಹಗ್ಗವನ್ನೋ ಎಸೆಯುವುದು. ಹೆಂಗಸರು ಆ ಕಿಂಡಿಗೆ 'ಕಳ್ಳಹಾದಿ' ಎಂದು ಹೆಸರಿಟ್ಟರು. ಎಲ್ಲ ಮುಗಿಯಿತು ಎನ್ನುವಾಗ ಅಕ್ಕ ಕೇಳಿದರು.

"ಈ ಕಳ್ಳಹಾದಿ ದಿನಾ ಒಂದs ತರ ಇರತೈತೇನ್ರಿ?"

ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ನೀರು ಇಳಿಯುವ ಹೊತ್ತಿನಲ್ಲಿ ಈ ಸೆಳವು ಸಾಮಾನ್ಯವಾಗಿ ಬಲವಾಗುತ್ತದೆ. ಸೂರ್ಯ ಚಂದ್ರರು ಒಂದೇ ಸಾಲಿನಲ್ಲಿ ನಿಂತು ನೀರನ್ನು ಎಳೆಯುವ ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಕಡಲು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಈ ಏರಿಳಿತ ಸಣ್ಣದು. ಅಂದರೆ ಇವರು ರಜೆ ಮಾಡಿ ಜಳಕಕ್ಕೆ ಹೋಗುವ ದಿನವೇ ಕಡಲಿಗೆ ಬಲ ಬರುವ ದಿನ.

ಇಲ್ಲಿ ನಾನು ಒಂದು ನಿರ್ಧಾರ ಮಾಡಬೇಕಾಗಿತ್ತು. ಅಮಾವಾಸ್ಯೆಗೆ ನೇಗಿಲು ಹೂಡದ, ಗಾರೆಯ ಕರಣೆ ಮುಟ್ಟದ ಪದ್ಧತಿಯ ವಿರುದ್ಧ ವೇದಿಕೆಗಳ ಮೇಲೆ ನಾನು ಮಾತಾಡಿದ್ದೆ, ಗೆದ್ದಿದ್ದೆ. ಚಂದ್ರ ಕಾಣದ ದಿನಕ್ಕೆ ಯಾವ ದೋಷವೂ ಇಲ್ಲವೆಂದು ನಂಬಿದವನು ನಾನು. ಈಗ ಇವರಿಗೆ ಪದ್ಧತಿ ಬಿಡಿ, ರಜೆಯನ್ನು ಅಷ್ಟಮಿಗೆ ಬದಲಿಸಿಕೊಳ್ಳಿ, ಆ ದಿನ ಜಳಕ ಮಾಡಿ ಎಂದು ವಾದಿಸಬಹುದಿತ್ತು. ತರ್ಕಶುದ್ಧವಾದ ಸಲಹೆ, ಆದರೆ ಕೇಳುವವರು ಯಾರು? ಇಲ್ಲವೇ ಅವರ ನಂಬಿಕೆಯನ್ನೇ ಹಿಡಿದು, ಅದನ್ನು ಇನ್ನೊಂದು ಸುತ್ತು ಬಿಗಿ ಮಾಡಬಹುದಿತ್ತು. ಜೀವ ಉಳಿಯುವುದು ಯಾವುದರಿಂದ ಎಂಬುದೊಂದೇ ಪ್ರಶ್ನೆ ಎಂದುಕೊಂಡೆ.

"ಅಮಾವಾಸ್ಯೆಯ ದಿನ ಕಡಲಿನ ನೀರನ್ನು ಮುಟ್ಟಲೇಬೇಡಿ" ಎಂದೆ. "ಅವತ್ತು ಅದರ ದಿನ. ಚಂದ್ರ ಅದನ್ನು ಎಳೆಯುತ್ತಾನೆ. ನೀವು ಕರಣೆ ಮುಟ್ಟದ ಹಾಗೆಯೇ ನೀರನ್ನೂ ಮುಟ್ಟಬೇಡಿ."

ಕಾರಣವನ್ನೂ ವಿವರಿಸಿದೆ, ಸುಳ್ಳು ಒಂದೂ ಹೇಳಲಿಲ್ಲ. ಅವರು ಒಪ್ಪಿದ ವೇಗಕ್ಕೆ ನಾನೇ ಬೆರಗಾದೆ. ಬಾಣದ ಬಣ್ಣ ಕೇಳಿದ್ದವನು ಕೂಡ, "ಅದಕ್ಕs ಅಲ್ಲೇನ್ರಿ ಹಿರ್ಯಾರು ಅಮಾಸಿ ಪಾಲಸ್ರಿ ಅಂದದ್ದು" ಎಂದ. ಮೇಸ್ತ್ರಿ ನೆರಳಿನಿಂದ ಎದ್ದು ಬಂದು ನನ್ನ ಕೈ ಹಿಡಿದ.

"ಭಾಳ ಚಲೋ ಹೇಳಿದ್ರಿ ಸಾಹೇಬ್ರ. ಇಷ್ಟ ವರ್ಷ ಯಾರೂ ಹಿಂಗ ತಿಳಿಸಿದ್ದಿಲ್ಲ."

ನನಗೆ ಆ ಮಾತಿನಿಂದ ಸಂತೋಷವಾಯಿತು. ಬ್ಯಾನರನ್ನು ಬೇವಿನ ಮರಕ್ಕೆ ಕಟ್ಟಿ ಫೋಟೋ ತೆಗೆದೆವು. ಐದೂ ಸಾಗರಗಳು ಅದರಲ್ಲಿ ಬಂದವು.

ತಂಡ ಹೋಯಿತು. ಮೊದಲ ಅಮಾವಾಸ್ಯೆ ಕಳೆಯಿತು. ಎಲ್ಲರೂ ಕ್ಷೇಮವೆಂದು ಸುದ್ದಿ ಬಂತು. ಎಳ್ಳಮಾವಾಸ್ಯೆಗೆ ನಾನೇ ಹೋಗಿ ನೋಡಿಕೊಂಡು ಬರುವುದೆಂದು ನಿಶ್ಚಯಿಸಿದೆ. ನಮ್ಮ ಸೀಮೆಯಲ್ಲಿ ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬೆಳೆಯ ನಡುವೆ ಕುಳಿತು ಉಣ್ಣುತ್ತಾರೆ. ಊರು ಬಿಟ್ಟವರೊಡನೆ ಕುಳಿತು ಉಣ್ಣೋಣವೆಂದು ಸಜ್ಜೆರೊಟ್ಟಿಯ ಗಂಟು ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಕಟ್ಟಡದ ಬಳಿ ಇಳಿದಾಗ ಮಿಕ್ಸರ್ ತಿರುಗುತ್ತಿತ್ತು. ಸ್ಲ್ಯಾಬ್ ಹಾಕುವ ಕೆಲಸ ನಡೆದಿತ್ತು. ಹೆಂಗಸರು ಸಾಲಾಗಿ ನಿಂತು ಮಾಲಿನ ಬುಟ್ಟಿಗಳನ್ನು ಕೈಯಿಂದ ಕೈಗೆ ಸಾಗಿಸುತ್ತಿದ್ದರು. ಅಕ್ಕ ಸಾಲಿನ ನಡುವೆ ಇದ್ದರು. ನನ್ನನ್ನು ನೋಡಿದರು, ಸಾಲು ಮುರಿಯುವಂತಿರಲಿಲ್ಲ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದ.

"ಬರ್ರಿ ಸಾಹೇಬ್ರ, ಚಾ ಕುಡೀರಿ. ನಿಮ್ಮ ಮಂದಿ ಎಲ್ಲಾ ಆರಾಮ ಅದಾರ ನೋಡ್ರಿ."

"ಇವತ್ತು ಎಳ್ಳಮಾವಾಸ್ಯೆ. ರಜೆ ಇಲ್ಲವೇ?"

"ನೀವs ಹೇಳೀರಲ್ರಿ, ಅಮಾಸಿ ದಿನ ದಂಡಿಗೆ ಹೋಗಬಾರದು ಅಂತ. ಖಾಲಿ ಕುಂತ್ರ ಮಂದಿ ಕಾಲು ಆ ಕಡೆನ ಎಳೀತಾವ. ಅದಕ್ಕ ಕೆಲಸಕ್ಕ ಹಚ್ಚೀನಿ. ಜೀವ ಉಳದ್ರ ಸಾಕಲ್ರಿ?"

"ನಾನು ನೀರಿಗೆ ಹೋಗಬೇಡಿ ಎಂದೆ. ಕೆಲಸ ಮಾಡಿ ಎನ್ನಲಿಲ್ಲ."

"ಜಳಕಕ್ಕ ಅಂತನ ಸೂಟಿ ಇತ್ತು. ಜಳಕ ಇಲ್ಲ ಅಂದ ಮ್ಯಾಲ ಸೂಟಿ ಯಾತಕ್ರಿ?"

ಅವನ ವಾದದಲ್ಲಿ ಎಲ್ಲಿ ದೋಷವಿದೆಯೆಂದು ನನಗೆ ತಿಳಿದಿತ್ತು, ಮತ್ತು ಅದನ್ನು ಹೇಳಿದೆ. ವಿಶ್ರಾಂತಿ ಬೇರೆ, ಜಳಕ ಬೇರೆ ಎಂದೆ. ಹಾಗಾದರೆ ಅಷ್ಟಮಿಗೆ ರಜೆ ಕೊಡು, ಆ ದಿನ ಕಡಲೂ ಶಾಂತ ಎಂದೆ. ವಾರಕ್ಕೊಂದು ರಜೆ ಕೊಡಬೇಕೆಂದು ಕಾಯ್ದೆಯೇ ಇದೆ ಎಂದೆ. ಅವನು ಸಿಟ್ಟಾಗಲಿಲ್ಲ, ನಕ್ಕ.

"ಅಷ್ಟಮಿಗೆ ಸೂಟಿ ಅಂತ ಯಾವ ಊರಾಗ ಐತ್ರಿ ಸಾಹೇಬ್ರ? ಅಮಾಸಿಗೆ ಕೆಲಸ ಹಚ್ಚಿದ್ರ ದೇವರು ಸಿಟ್ಟಾಗ್ತಾನ ಅಂತ ಮಂದಿ ಅಂಜತಿದ್ರು. ಮಾಲೀಕರಿಗೂ ಅದನ್ನ ಹೇಳಿ ಕೆಲಸ ನಿಲ್ಲಸ್ತಿದ್ದೆ. ಈಗ ದೇವರು ಅಲ್ಲ, ಚಂದ್ರ ನೀರ ಎಳೀತಾನ ಅಷ್ಟ ಅಂತ ನೀವs ತಿಳಿಸಿ ಕೊಟ್ರಿ. ಚಂದ್ರ ಸ್ಲ್ಯಾಬ್ ಎಳೀತಾನೇನ್ರಿ?"

ಸಾಲಿನಲ್ಲಿದ್ದ ಇಬ್ಬರು ಮೂವರು ನಕ್ಕರು. ನಗುವಂಥ ಮಾತೇ ಅದು. ನಾನು ಚಹಾ ಕುಡಿಯದೆ ನಿಂತಿದ್ದೆ. ಕಾಯ್ದೆ ಕಾಗದದ ಮೇಲೆ ಕೊಟ್ಟ ವಾರದ ರಜೆ ಈ ಜನದ ಕೈಗೆ ಎಂದೂ ಬಂದಿರಲಿಲ್ಲ. ತಿಂಗಳಿಗೊಂದು ದಿನ ಇವರ ಬೆನ್ನು ನೆಲಕ್ಕೆ ತಾಗುತ್ತಿದ್ದದ್ದು ಒಂದು ಭಯದ ದಯೆಯಿಂದ, ನಾನು ವೇದಿಕೆಗಳ ಮೇಲೆ ಹಾಸ್ಯ ಮಾಡಿದ ಅದೇ ಭಯ. ಅದರ ಜಾಗದಲ್ಲಿ ನಾನು ತಂದಿಟ್ಟ ಕಾರಣಕ್ಕೆ ಮಿಕ್ಸರ್ ನಿಲ್ಲಿಸುವ ಶಕ್ತಿಯಿರಲಿಲ್ಲ.

ಊರಿಗೆ ಬಂದು ನಿರ್ದೇಶಕರಿಗೆ ಎಲ್ಲವನ್ನೂ ಹೇಳಿದೆ. ಮೇಸ್ತ್ರಿಯ ಮೇಲೆ ದೂರು ಕೊಡೋಣ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ನೋಡ್ರಿ, ನಮ್ಮ ಕಾರ್ಯಕ್ರಮದ ಉದ್ದೇಶ ಏನಿತ್ತು? ಯಾರೂ ಮುಳಗಬಾರದು. ಯಾರೂ ಮುಳಗಿಲ್ಲ. ಮೇಸ್ತ್ರಿಗೋಳ ಕೂಡ ಕೆಡಿಸಿಕೊಂಡ್ರ ನಾಳೆ ತಂಡಾನ ನಮ್ಮ ಕಡೆ ಕಳಸಂಗಿಲ್ಲ." ಕಾರ್ಮಿಕ ಇಲಾಖೆಗೆ ದೂರು ನಾನೊಬ್ಬನೇ ಬರೆದು ಕೊಟ್ಟೆ. ವಿಚಾರಣೆಗೆ ಬಂದವರ ಮುಂದೆ ತಂಡದವರು ರಜೆ ಸಿಗುತ್ತದೆ ಎಂದರಂತೆ. ಕೆಲಸ ಬೇಕಾದವರು ಬೇರೇನು ಹೇಳಬಲ್ಲರು?

ಅಕ್ಕ ಹಂಗಾಮು ಮುಗಿಸಿ ಬಂದ ಮೇಲೆ ಹೊಳೆಆಲೂರಿನಲ್ಲಿ ಒಮ್ಮೆ ಸಿಕ್ಕರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ದರಿಯಾ ನಮ್ಮನ್ನ ಬಿಡ್ತು ಸರ್" ಎಂದರು. "ಅಮಾಸಿ ಹೋತು. ತಮ್ಮ ಹ್ವಾದ ಜಾಗಾ ಒಮ್ಮೆ ನೋಡಿ, ಒಂದ ಹೂವ ಬಿಟ್ಟು ಬರಬೇಕಂದ್ರ ಅದಕ್ಕೂ ದಿನ ಸಿಗಲಿಲ್ಲ."

ಅದಾದ ಮೇಲೆ ನಮ್ಮ ಕಚೇರಿಗೆ ಕರೆಗಳು ಬರತೊಡಗಿದವು. ನರಗುಂದದ ಒಬ್ಬ ಮೇಸ್ತ್ರಿ, ಗಜೇಂದ್ರಗಡದ ಒಬ್ಬ ಮೇಸ್ತ್ರಿ. ತಮ್ಮ ತಂಡಗಳಿಗೂ ಆ ಹೊಂಡದ ಪಾಠ ಬೇಕಂತೆ. ನಿರ್ದೇಶಕರಿಗೆ ಹಿಗ್ಗು. ಬೇಡಿಕೆ ಜನರಿಂದಲೇ ಬರುತ್ತಿದೆ ಎಂದರು. ಯಾವ ಜನ ಎಂದು ನಾನು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ, ಅಥವಾ ಆಯಿತು.

ನಾನು ಹೋಗದಿದ್ದರೆ ಯಾರಾದರೂ ಕಳ್ಳಹಾದಿಯಲ್ಲಿ ಹೋಗುತ್ತಾರೆ. ಆದ್ದರಿಂದ ಹೋದೆ. ಗಜೇಂದ್ರಗಡದ ಆಚೆ, ಗುಡ್ಡದ ಬುಡದ ಹೊಂಡವೊಂದರಲ್ಲಿ ಚೀಲಗಳನ್ನು ಜೋಡಿಸಿದೆವು. ಹೊಟ್ಟು ಎರಚಿದೆ. ಅದು ದಂಡೆಗೆ ಬಂದು, ಸರಿದು, ಕಿಂಡಿಯಲ್ಲಿ ಹೋಯಿತು. ನೀರನ್ನು ಓದುವುದನ್ನು, ಪಕ್ಕಕ್ಕೆ ಸರಿಯುವುದನ್ನು, ತೇಲುವುದನ್ನು, ಹಗ್ಗ ಎಸೆಯುವುದನ್ನು ಹೇಳಿದೆ. ಇಷ್ಟು ಸಾಕು ಎಂದು ನಿಶ್ಚಯಿಸಿಕೊಂಡೇ ಬಂದಿದ್ದೆ. ಹಲಗೆ ಮೇಲಕ್ಕೆತ್ತಿಸಿದೆ. ಜನ ಸೀರೆ ಧೋತರಗಳ ನೀರು ಹಿಂಡುತ್ತ ಏಳತೊಡಗಿದರು.

"ಸಾಹೇಬ್ರ, ಮುಗಸಬ್ಯಾಡ್ರಿ" ಎಂದು ಹಿಂದಿನಿಂದ ಅವರ ಮೇಸ್ತ್ರಿ ಕೂಗಿದ. ನನಗಾಗಿ ಅವನೇ ಕುರ್ಚಿ ತಂದಿದ್ದ, ಚಹಾ ತರಿಸಿದ್ದ. "ಅಮಾಸಿದು ಹೇಳೂದ ಬಿಟ್ರಿ. ಅದನ್ನ ಹೇಳ್ರಿ."

ಎದ್ದವರು ಮತ್ತೆ ಕುಳಿತರು. ಎಲ್ಲರ ಮುಖ ನನ್ನ ಕಡೆಗಿತ್ತು. ಮುಂದಿನ ಸಾಲಿನ ಹೆಂಗಸೊಬ್ಬಳು ಕೇಳಿದಳು: "ಅಮಾಸಿದು ಏನೈತ್ರಿ ಸರ್? ನಾವು ಅವತ್ತs ದರಿಯಾ ಜಳಕಕ್ಕ ಹೋಗೋದು."

ಹೇಳಿದೆ.